ಎಂಜಿನ್ ಆರಿಸಿದ ಇಳಿಜಾರು

ಆಗ ನಮ್ಮ ಕಾರಿನ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷವಾಗಿತ್ತು. ಅಂದರೆ ಸಂಜೆ ನಾಲ್ಕು ಹತ್ತು. ಜಪಾನಿನಲ್ಲಿ ಯಾರೋ ಓಡಿಸಿ ಸಾಕಾಗಿ ಬಿಟ್ಟ ಕಾರುಗಳು ಹಡಗು ಹತ್ತಿ ನ್ಯೂಜಿಲೆಂಡಿಗೆ ಬಂದು, ನಮ್ಮಂಥವರ ಮನೆಯ ಮುಂದೆ ಎರಡನೇ ಸಂಸಾರ ಹೂಡುತ್ತಿದ್ದ ಕಾಲ ಅದು. ನಮ್ಮದೂ ಅಂಥದೇ ಒಂದು. ಕೀಲಿ ತಿರುಗಿಸಿದರೆ ಒಬ್ಬ ಹೆಣ್ಣುಮಗಳು ಜಪಾನಿ ಭಾಷೆಯಲ್ಲಿ ಬಹಳ ವಿನಯದಿಂದ ಏನೋ ಹೇಳುತ್ತಿದ್ದಳು. ರೇಡಿಯೋದಲ್ಲಿ ಊರಿನ ಅರ್ಧ ಸ್ಟೇಷನ್‌ಗಳು ಹಿಡಿಯುತ್ತಿರಲಿಲ್ಲ. ಗಡಿಯಾರ ತಿದ್ದುವ ವಿಧಾನ ಇದ್ದ ಪುಸ್ತಕವೂ ಜಪಾನಿ ಲಿಪಿಯಲ್ಲೇ ಇತ್ತು. ಹಾಗಾಗಿ ನಾವು ಅದರ ತವರಿನ ವೇಳೆಯನ್ನು ಅದಕ್ಕೇ ಬಿಟ್ಟು, ಬೇಕಾದಾಗ ನಾಲ್ಕು ಗಂಟೆ ಕೂಡಿಸಿಕೊಳ್ಳುತ್ತಿದ್ದೆವು. ನಾನು ಹಾಗೆ ಕೂಡಿಸಿಕೊಳ್ಳುತ್ತಿರುವಾಗಲೇ, ಕೈಮಾಯ್ ಬೆಟ್ಟದ ನೆತ್ತಿಯಲ್ಲಿ, ನಮ್ಮತ್ತೆ ಕಾರಿನ ಎಂಜಿನ್ ಆರಿಸಿದರು.

ನಿಂತಿದ್ದ ಕಾರಿನದಲ್ಲ, ಇಳಿಯುತ್ತಿದ್ದ ಕಾರಿನದು.

ಮೈಸೂರಿನ ಕಡೆಯವರಿಗೆ ಇದರಲ್ಲಿ ಅಷ್ಟೇನೂ ಆಶ್ಚರ್ಯ ಕಾಣದಿರಬಹುದು. ನಾವೆಲ್ಲ ಚಾಮುಂಡಿ ಬೆಟ್ಟದಿಂದ ಎಂಜಿನ್ ಆರಿಸಿಕೊಂಡೇ ಇಳಿದವರು. ನಮ್ಮಪ್ಪನ ಸ್ಕೂಟರಿನಲ್ಲಿ ನಾನು ಮುಂದೆ ನಿಂತಿರುತ್ತಿದ್ದೆ, ಅಮ್ಮ ತಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿರುತ್ತಿದ್ದಳು. ಇಳಿಜಾರು ಶುರುವಾಗುತ್ತಲೇ ಅಪ್ಪ ಎಂಜಿನ್ ಆಫ್ ಮಾಡುತ್ತಿದ್ದರು. ಅದುವರೆಗೆ ಪಟಪಟ ಎನ್ನುತ್ತಿದ್ದ ಲೋಕ ತಟ್ಟನೆ ಬಾಯಿ ಮುಚ್ಚಿಕೊಂಡು, ಗಾಳಿಯ ಸದ್ದು, ಟೈರಿನ ಸದ್ದು, ಅಮ್ಮನ ಬಳೆಯ ಸದ್ದು ಬೇರೆಬೇರೆಯಾಗಿ ಕೇಳುತ್ತಿದ್ದವು. "ಇನ್ಮೇಲೆ ಪುಕ್ಕಟೆ ಸವಾರಿ ಕಣಮ್ಮಾ" ಎಂದು ಅಪ್ಪ ನನ್ನ ನೆತ್ತಿಯ ಮೇಲೆ ಗದ್ದ ಊರಿ ಹೇಳುತ್ತಿದ್ದರು. ತಪ್ಪಲಿಗೆ ಬಂದ ಮೇಲೆ ಸಮತಟ್ಟು ರಸ್ತೆಯಲ್ಲಿ ಸ್ಕೂಟರು ಎಲ್ಲಿಯವರೆಗೆ ಉರುಳುತ್ತದೆ ಎನ್ನುವುದೇ ನಮಗೆ ಆ ದಿನದ ಫಲಿತಾಂಶ. ಒಂದು ಸಲ ರೇಸ್‌ಕೋರ್ಸಿನ ಹತ್ತಿರದವರೆಗೂ ಉರುಳಿತ್ತು ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದರು. ನಾನೂ ಅದೇ ಸ್ಕೂಟರಿನಲ್ಲಿದ್ದೆ, ಅಷ್ಟು ದೂರ ಖಂಡಿತ ಹೋಗಿರಲಿಲ್ಲ. ಆದರೆ ಅಪ್ಪನ ಮಾತಿಗೆ ನಾನು ಯಾವತ್ತೂ ಎದುರಾಡಲಿಲ್ಲ.

ಮುಂದೆ ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದೆ. ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಒಂದು ಇಳಿಜಾರು ಬರೆದು, ಅದರ ಮೇಲೊಂದು ಮರದ ತುಂಡು ಕೂರಿಸಿ, ಪಕ್ಕದಲ್ಲಿ 'ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ' ಎಂದು ಬರೆಯುತ್ತಿದ್ದೆ. ಆ ಮರದ ತುಂಡಿನೊಳಗೆ ಒಬ್ಬ ಹೆಂಗಸು ಚಿತ್ರಾನ್ನದ ಡಬ್ಬಿ ಅವಚಿಕೊಂಡು ಕೂತಿರಬಹುದು, ಅವಳಿಗೂ ಒಂದು ಅಭಿಪ್ರಾಯವಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ನಮ್ಮತ್ತೆ ಸರೋಜಮ್ಮನವರ ಪರಿಚಯ ಮಾಡಿಕೊಡದೆ ಮುಂದಕ್ಕೆ ಹೋದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಅವರು ಬ್ಯಾಂಕಿನಲ್ಲಿ ಆಫೀಸರಾಗಿದ್ದವರು. ಅವರ ಬೀದಿಯ ಹೆಂಗಸರು ಸೈಕಲ್ಲನ್ನೂ ಮುಟ್ಟದಿದ್ದ ಕಾಲದಲ್ಲಿ ಒಂದು ಹಳೆಯ ಫಿಯಟ್ ಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಓಡಿಸಿದವರು. ಮಾವನವರಿಗೆ ಡ್ರೈವಿಂಗ್ ಎಂದರೆ ಹೆದರಿಕೆ. ದಿನವೂ ಎಡಗಡೆಯ ಸೀಟಿನಲ್ಲಿ ಪೇಪರು ಬಿಡಿಸಿ ಹಿಡಿದು, ರಸ್ತೆ ಕಾಣದಂತೆ ಮುಖ ಮುಚ್ಚಿಕೊಂಡು ಅವರು ಆಫೀಸಿಗೆ ಹೋಗುತ್ತಿದ್ದರಂತೆ. "ಮೂವತ್ತು ವರ್ಷ ಓಡಿಸಿದ್ದೀನಿ ಕಣೇ ಸುಮಾ, ಒಂದು ನಾಯಿಮರಿಗೂ ತಗುಲಿಸಿಲ್ಲ" ಎನ್ನುವುದು ಅತ್ತೆ ತಮ್ಮನ್ನು ಪರಿಚಯಿಸಿಕೊಳ್ಳುವ ರೀತಿ. ಮಾವನವರು ತೀರಿಕೊಂಡ ಮೇಲೆ ಫಿಯಟ್ಟನ್ನೂ ಕಳಿಸಿಕೊಟ್ಟು, ಬೇಸಿಗೆ ರಜಕ್ಕೆಂದು ನಮ್ಮಲ್ಲಿಗೆ ಬಂದಾಗ ಅವರ ಕೈಚೀಲದಲ್ಲಿ ಉಪ್ಪಿನಕಾಯಿಯ ಜೊತೆಗೆ ಮೈಸೂರಿನಲ್ಲಿ ಮಾಡಿಸಿದ ಇಂಟರ್‌ನ್ಯಾಷನಲ್ ಪರ್ಮಿಟ್ಟೂ ಇತ್ತು. ಉಪ್ಪಿನಕಾಯಿಯನ್ನು ವಿಮಾನ ನಿಲ್ದಾಣದವರು ಇಟ್ಟುಕೊಂಡರು, ಪರ್ಮಿಟ್ಟನ್ನು ಬಿಟ್ಟರು. ಆಮೇಲೆ ಯೋಚಿಸಿದರೆ, ಅವರು ಅದಲುಬದಲು ಮಾಡಿದ್ದರೆ ಒಳ್ಳೆಯದಿತ್ತು.

ನಾವಿದ್ದದ್ದು ಹ್ಯಾಮಿಲ್ಟನ್ನಿನ ಉತ್ತರದ ಅಂಚಿನ ರೊಟೊಟೂನದಲ್ಲಿ. ಎಲ್ಲ ಮನೆಗಳೂ ಹೊಸವು, ಎಲ್ಲ ಮರಗಳೂ ಮೊಣಕಾಲೆತ್ತರ. ಅಲ್ಲಿ ಕಾರು ಓಡಿಸಲು ಬಾರದವರು ಹಾಲು ತರಲೂ ಇನ್ನೊಬ್ಬರ ದಾಕ್ಷಿಣ್ಯಕ್ಕೆ ಬೀಳಬೇಕು. ನನ್ನ ಗಂಡ ಶ್ರೀಧರ ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಬೇಸಿಗೆಯಲ್ಲಿ ಆ ದೇಶದ ಹಸುಗಳು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ, ಹಾಗಾಗಿ ನನ್ನ ಗಂಡ ಶನಿವಾರವೂ ಮನೆಯಲ್ಲಿರುತ್ತಿರಲಿಲ್ಲ. ನಾನು ಕಾರಿಗೆ ಹಳದಿ ಬಣ್ಣದ 'ಎಲ್' ಅಂಟಿಸಿಕೊಂಡು ಕಲಿಯುತ್ತಿದ್ದೆ. ಪಕ್ಕದ ಊರಿನ ಒಂದು ಶಾಲೆಯಲ್ಲಿ ಫಿಸಿಕ್ಸ್ ಟೀಚರ್ ಕೆಲಸ ಸಿಗುವುದಿತ್ತು. ಶಾಲೆ ತೆರೆಯುವಷ್ಟರಲ್ಲಿ ನಾನೊಬ್ಬಳೇ ಕಾರು ಓಡಿಸಿಕೊಂಡು ಬರಬಲ್ಲೆನೇ ಎಂದು ಅವರು ಕೇಳಿದ್ದರು, ಬರುತ್ತೇನೆ ಎಂದು ನಾನು ಹೇಳಿದ್ದೆ. ಆ ಶಾಲೆಗೆ ಬಸ್ಸಿಲ್ಲ. ಐದು ವರ್ಷ ಮನೆಯಲ್ಲಿ ಕೂತವಳಿಗೆ ಇಳಿಜಾರನ್ನು ಬರೆಯಲು ಮತ್ತೊಂದು ಹಲಗೆ ಸಿಗುವುದು ಆ ಡ್ರೈವಿಂಗ್ ಟೆಸ್ಟಿನ ಮೇಲೆ ನಿಂತಿತ್ತು.

ಆ ದೇಶದ ರಸ್ತೆಯ ನಿಯಮಗಳು ಆಗ ಎಷ್ಟು ಮರ್ಯಾದಸ್ಥವಾಗಿದ್ದವೆಂದರೆ ನನ್ನಂಥವಳಿಗೆ ತಲೆ ತಿರುಗುತ್ತಿತ್ತು. ಎಡಕ್ಕೆ ತಿರುಗುವವರು, ಎದುರಿನಿಂದ ಬಂದು ಅದೇ ರಸ್ತೆಗೆ ಬಲಕ್ಕೆ ತಿರುಗುವವರಿಗೆ ದಾರಿ ಬಿಡಬೇಕಿತ್ತು. ಈಗ ಅದನ್ನು ತೆಗೆದುಹಾಕಿದ್ದಾರೆ. ಅತ್ತೆಗೆ ಈ ನಿಯಮ ಬಹಳ ಹಿಡಿಸಿತು. ಹಿಡಿಸಿ, ಅವರು ಎಲ್ಲರಿಗೂ ಎಲ್ಲ ಕಡೆಯೂ ದಾರಿ ಬಿಡತೊಡಗಿದರು. ಒಂದು ಸಲ ನಮ್ಮ ಮನೆಯ ಹತ್ತಿರದ ಕೂಡುರಸ್ತೆಯಲ್ಲಿ ಅತ್ತೆ ಎದುರಿನ ಮುದುಕನಿಗೆ ಕೈಬೀಸಿ "ಬನ್ನಿ ಬನ್ನಿ" ಎಂದರು, ಆತ ಅತ್ತೆಗೆ ಕೈಬೀಸಿದ. ಮದುವೆಮನೆಯಲ್ಲಿ ಊಟದ ಮೊದಲ ಪಂಕ್ತಿಗೆ ಕೂರಲು ಬೀಗರಿಬ್ಬರು ಉಪಚಾರ ಹೇಳಿಕೊಂಡಂತೆ ಇಬ್ಬರೂ ಕೈಬೀಸುತ್ತಾ ನಿಂತರು. ಹಿಂದೆ ಕಾರುಗಳ ಸಾಲು ಬೆಳೆಯಿತು. ಒಬ್ಬರೂ ಹಾರ್ನ್ ಮಾಡಲಿಲ್ಲ. "ಎಂಥಾ ಜನ!" ಎಂದು ಅತ್ತೆ ಮನೆಗೆ ಬಂದ ಮೇಲೂ ಹೇಳುತ್ತಿದ್ದರು. ಆ ಸಾಲಿನಲ್ಲಿದ್ದವರೂ ಮನೆಗೆ ಹೋಗಿ ಅದನ್ನೇ ಹೇಳಿರಬೇಕು.

ಇಂಥ ಅತ್ತೆ ಆ ಶನಿವಾರ ನನ್ನನ್ನೂ ಏಳು ವರ್ಷದ ಮಗಳು ಮೇಘನಾಳನ್ನೂ ಬೆಟ್ಟದಾಚೆಯ ಟೌರಂಗಾದ ಸಮುದ್ರಕ್ಕೆ ಕರೆದುಕೊಂಡು ಹೋದರು. "ಶ್ರೀಧರ ಬರದಿದ್ರೆ ಏನಾಯ್ತು, ನಾನಿದ್ದೀನಲ್ಲ." ಮರಳಿನಲ್ಲಿ ಕೂತು ಚಿತ್ರಾನ್ನ ತಿಂದೆವು. ಮೇಘನಾ ಒಂದು ಬಕೆಟ್ ತುಂಬ ಕಪ್ಪೆಚಿಪ್ಪು ಆರಿಸಿ ಹಿಂದಿನ ಸೀಟಿನಲ್ಲಿ ತನ್ನ ಪಕ್ಕ ಇಟ್ಟುಕೊಂಡಳು. ವಾಪಸು ಬರುವಾಗ ಕಾರು ಬೆಟ್ಟ ಹತ್ತಿ, ನೆತ್ತಿ ದಾಟಿ, ಈ ಕಡೆಯ ವೈಕಾಟೊ ಬಯಲು ಕೆಳಗೆ ಹಸಿರು ಜಮಖಾನೆಯ ಹಾಗೆ ಕಾಣಿಸುತ್ತಿದ್ದಂತೆ ಎಲ್ಲ ಸದ್ದೂ ನಿಂತುಹೋಯಿತು.

"ಏನತ್ತೆ, ಸದ್ದೇ ಇಲ್ಲ?"

"ಆರಿಸ್ದೆ" ಎಂದರು, ಅಡುಗೆಮನೆಯ ದೀಪ ಆರಿಸಿದವರ ಹಾಗೆ.

"ಯಾಕೆ?"

"ಇಳಿಜಾರು ಕಣೇ. ಭೂಮಿತಾಯಿ ಎಳ್ಕೊಂಡು ಹೋಗ್ತಾಳೆ, ಪೆಟ್ರೋಲ್ ಯಾಕೆ ಸುಡ್ಬೇಕು?"

"ಅತ್ತೆ, ಇದು ಆಟೋಮ್ಯಾಟಿಕ್ಕು..."

"ಆಟೋಮ್ಯಾಟಿಕ್ಕಾದ್ರೇನು, ಇಳಿಜಾರು ಇಳಿಜಾರೇ. ಫಿಸಿಕ್ಸ್ ಮೇಡಂ ನೀನು, ನಿಂಗೆ ನಾನು ಹೇಳ್ಕೊಡ್ಬೇಕಾ?"

ಮೊದಲು ಸ್ವಲ್ಪ ಹೊತ್ತು ಚೆನ್ನಾಗಿಯೇ ಇತ್ತು. ಅತ್ತೆ ಕಿಟಕಿಯ ಗಾಜು ಇಳಿಸಿದರು. ಗಾಳಿ, ಟೈರು, ಕಾಡಿನೊಳಗೆ ಒಂದು ಹಕ್ಕಿ, ಎಲ್ಲವೂ ಬೇರೆಬೇರೆಯಾಗಿ ಕೇಳಿದವು. ನನ್ನ ನೆತ್ತಿಯ ಮೇಲೆ ಅಪ್ಪನ ಗದ್ದ ಇದ್ದಂತೆಯೇ ಅನ್ನಿಸಿತು.

ಮೊದಲನೇ ತಿರುವು ಬಂತು. ಫಿಯಟ್ಟಿನ ಬ್ರೇಕು ಒಂದು ಸಲ ಹೇಳಿದರೆ ಕೇಳುವಂಥದ್ದಲ್ಲವಂತೆ. ಎರಡು ಮೂರು ಸಲ ಪಂಪು ಹೊಡೆದಂತೆ ತುಳಿದು, ಅದಕ್ಕೆ ವಿಷಯ ಮನದಟ್ಟು ಮಾಡಿಸಬೇಕಿತ್ತಂತೆ. ಮೂವತ್ತು ವರ್ಷದ ಅಭ್ಯಾಸದಂತೆ ಅತ್ತೆಯ ಕಾಲು ಪಟಪಟನೆ ತುಳಿಯಿತು. ಕಾರು ಮಾತು ಕೇಳಿತು, ತಿರುಗಿತು. ಎರಡನೇ ತಿರುವಿನಲ್ಲೂ ತುಳಿದರು. ಕಾರು ಅರ್ಧ ಕೇಳಿತು. ಮೂರನೆಯದಕ್ಕೆ ಅತ್ತೆಯ ದನಿ ಬದಲಾಯಿತು.

"ಸುಮಾ, ಬ್ರೇಕು ಇಳೀತಿಲ್ಲ."

"ಅಂದ್ರೆ?"

"ಕಲ್ಲಾಗಿದೆ ಕಣೇ! ಸ್ಟೇರಿಂಗೂ ಒರಳು ತಿರುಗಿಸಿದ ಹಾಗಾಗ್ತಿದೆ!"

ಮುಂದೆ ಒಂದು ಯೂಟ್ ಹೋಗುತ್ತಿತ್ತು. ಹಿಂದೆ ಸಾಮಾನಿನ ತೊಟ್ಟಿ ಇರುವ ರೈತರ ಗಾಡಿ ಅದು, ಬಾಲಕ್ಕೆ ದೋಣಿಯೊಂದನ್ನು ಕಟ್ಟಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. ದೂರದಲ್ಲಿ ಪುಟ್ಟದಾಗಿದ್ದ ದೋಣಿ ಎಷ್ಟು ಬೇಗ ದೊಡ್ಡದಾಗತೊಡಗಿತು ಎಂದರೆ, ಅದರ ಹಿಂಭಾಗದಲ್ಲಿ ಬರೆದಿದ್ದ ಹೆಸರಿನ ಒಂದೊಂದೇ ಅಕ್ಷರ ನನಗೆ ಕಾಣಿಸಲು ಶುರುವಾಯಿತು. ಎದುರಿನಿಂದ ಹಾಲಿನ ಟ್ಯಾಂಕರೊಂದು ಏದುಸಿರು ಬಿಡುತ್ತಾ ಹತ್ತಿ ಬರುತ್ತಿತ್ತು. ಅತ್ತೆ ಕೀಲಿ ತಿರುಗಿಸಿದರು. ಗೇರು ಹಾಕಿಕೊಂಡೇ ಇರುವ ಆಟೋಮ್ಯಾಟಿಕ್ ಕಾರು ಹಾಗೆಲ್ಲ ಶುರುವಾಗುವುದಿಲ್ಲ. ಎಂಜಿನ್ನಿನ ಬದಲು ಆ ಜಪಾನಿ ಹೆಣ್ಣುಮಗಳು ಎದ್ದು, ಎಂದಿನ ವಿನಯದಿಂದ ನಮಗೆ ಸ್ವಾಗತ ಕೋರಿದಳು.

ಇಲ್ಲಿ ನಾನು ಏನು ಮಾಡಿದೆ ಎಂದು ನೀವು ಕೇಳಬಹುದು. ಎರಡು ಕೈಯಲ್ಲೂ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು "ಅತ್ತೆ ಅತ್ತೆ ಅತ್ತೆ" ಎಂದೆ. ಮತ್ತು ನನ್ನ ಬಲಗಾಲಿನಿಂದ ನನ್ನ ಮುಂದಿದ್ದ ಖಾಲಿ ಕಾರ್ಪೆಟ್ಟನ್ನು, ಅದು ಹರಿದುಹೋಗುವ ಹಾಗೆ ಒತ್ತಿದೆ. ಕಾರ್ಪೆಟ್ ಒತ್ತಿದರೆ ಕಾರು ನಿಲ್ಲುವುದಿಲ್ಲ ಎಂದು ಎಂ.ಎಸ್‌ಸಿ. ಓದದವರಿಗೂ ಗೊತ್ತು.

ಅತ್ತೆ ಮಾತ್ರ ಎದ್ದು ನಿಂತರು. ನಿಜವಾಗಿಯೂ ಸೀಟಿನಿಂದ ಎದ್ದು, ತಲೆ ಮೇಲಿನ ತಗಡಿಗೆ ತಾಗುವ ಹಾಗೆ, ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತರು. ಎಡಗೈಯಲ್ಲಿ ಹ್ಯಾಂಡ್‌ಬ್ರೇಕನ್ನು ಒಂದೊಂದೇ ಹಲ್ಲು ಎಳೆಯುತ್ತಾ, ಬಲಗೈ ಮತ್ತು ಹೆಗಲು ಕೊಟ್ಟು ಸ್ಟೇರಿಂಗನ್ನು ಎಡಕ್ಕೆ ನೂಕಿದರು. ನಿಧಾನದ ಗಾಡಿಗಳು ಸರಿದು ನಿಲ್ಲಲೆಂದು ರಸ್ತೆಯ ಪಕ್ಕ ಬಿಟ್ಟಿದ್ದ ಜಲ್ಲಿಯ ಜಾಗಕ್ಕೆ ಕಾರು ಹೊರಳಿತು. ಜಲ್ಲಿ ಕಿರುಚಿತು. ಹಿಂದಿನಿಂದ ಬಕೆಟ್ಟು ಹಾರಿ ನಮ್ಮಿಬ್ಬರ ತಲೆಯ ಮೇಲೆ ಕಪ್ಪೆಚಿಪ್ಪಿನ ಮಳೆಯಾಯಿತು. ನಿಂತೆವು. ಮುಂದೆ ತಂತಿಬೇಲಿ, ಬೇಲಿಯಾಚೆ ನೆಲ ಇರಲಿಲ್ಲ. ಮರಗಳ ತುದಿಗಳು ಮಾತ್ರ ಇದ್ದವು. ಬೇಲಿಗೂ ಕಾರಿನ ಮೂತಿಗೂ ನಡುವೆ ಒಬ್ಬರು ಅಡ್ಡಡ್ಡ ತಿರುಗಿ ನಿಲ್ಲಬಹುದಿತ್ತು.

ಆ ಮೌನದಲ್ಲಿ ಮೇಘನಾ ಚಪ್ಪಾಳೆ ತಟ್ಟಿದಳು. "ಅಗೇನ್, ಅಜ್ಜಿ! ಡೂ ಇಟ್ ಅಗೇನ್!"

ದೋಣಿಯವನು ಕನ್ನಡಿಯಲ್ಲಿ ಕಂಡನೋ ಏನೋ, ಮುಂದೆ ನಿಲ್ಲಿಸಿ ನಡೆದು ಬಂದ. ಚಡ್ಡಿ, ಮೊಣಕಾಲುದ್ದದ ರಬ್ಬರ್ ಬೂಟು. "ಯೂ ರೈಟ್, ಲೇಡೀಸ್?"

ಅತ್ತೆ ಇನ್ನೂ ಬ್ರೇಕಿನ ಮೇಲೆ ನಿಂತೇ ಇದ್ದರು. ಅಲ್ಲಿಂದಲೇ ಕೂದಲಿನಿಂದ ಒಂದು ಕಪ್ಪೆಚಿಪ್ಪು ತೆಗೆದು, ಬ್ಯಾಂಕಿನ ಇಂಗ್ಲಿಷಿನಲ್ಲಿ ಹೇಳಿದರು: "ಥ್ಯಾಂಕ್ಯೂ. ವಿ ಆರ್ ಎಂಜಾಯಿಂಗ್ ದ ವ್ಯೂ."

ಆತ ಬೇಲಿಯಾಚೆಯ ಪ್ರಪಾತ ನೋಡಿದ, ಅತ್ತೆಯನ್ನು ನೋಡಿದ, ಸುಟ್ಟ ವಾಸನೆಗೆ ಒಮ್ಮೆ ಮೂಗರಳಿಸಿದ. "ಗುಡ್ ಸ್ಪಾಟ್ ಫಾರ್ ಇಟ್" ಎಂದು ಹೇಳಿ ಹೊರಟುಹೋದ. ಎಂಥಾ ಜನ!

"ಶ್ರೀಧರಂಗೆ ಹೇಳ್ಬೇಡ" ಎಂದರು ಅತ್ತೆ, ಕೂತ ಮೇಲೆ.

"ಹೇಳಲ್ಲ ಅತ್ತೆ" ಎಂದೆ.

ಬಹಳ ಹೊತ್ತಿನ ಮೇಲೆ, ಗೇರನ್ನು ಸರಿಯಾದ ಜಾಗಕ್ಕೆ ತಂದು ಕೀಲಿ ತಿರುಗಿಸಿದಾಗ ಕಾರು ಏನೂ ನಡೆದೇ ಇಲ್ಲವೆಂಬಂತೆ ಶುರುವಾಯಿತು. ಬ್ರೇಕು ಬೆಣ್ಣೆಯ ಹಾಗಿತ್ತು. ಮನೆಯವರೆಗೂ ಆಮೆಯ ಹಾಗೆ ಬಂದೆವು. ಅಂದು ನಮ್ಮ ಹಿಂದೆ ಅರ್ಧ ವೈಕಾಟೊ ಪ್ರಾಂತ್ಯವೇ ಸಾಲುಗಟ್ಟಿ ಬಂದಿರಬೇಕು.

ಗುಟ್ಟು ಉಳಿಸಿದ್ದು ಮೇಘನಾಳೇ. ರಾತ್ರಿ ಅಪ್ಪ ಬಂದ ತಕ್ಷಣ, "ಡ್ಯಾಡಿ, ಅಜ್ಜಿ ಮೇಡ್ ದ ಕಾರ್ ಫ್ಲೈ! ನೋ ಸೌಂಡ್!" ಎಂದಳು. ಹಿಂದಿನ ವಾರವಷ್ಟೇ ಅವಳು ಬಚ್ಚಲಿನಲ್ಲಿ ಡಾಲ್ಫಿನ್ ನೋಡಿದ್ದಳು. "ಹೌದಾ ಪುಟ್ಟಿ? ರೆಕ್ಕೆ ಇತ್ತಾ?" ಎಂದು ಶ್ರೀಧರ ನಕ್ಕ. ಅತ್ತೆಯೂ ನಾನೂ ತಟ್ಟೆ ನೋಡಿಕೊಂಡು ಊಟ ಮಾಡಿದೆವು.

ಆದರೆ ನನ್ನ ಬಲಗಾಲು ಆ ಬೆಟ್ಟದಿಂದ ಇಳಿದು ಬರಲೇ ಇಲ್ಲ. ಕಣ್ಣು ಮುಚ್ಚುತ್ತಿದ್ದಂತೆ ಎಲ್ಲ ಸದ್ದೂ ನಿಲ್ಲುತ್ತಿತ್ತು. ದೋಣಿ ದೊಡ್ಡದಾಗುತ್ತಿತ್ತು. ಕಾಲು ತಾನಾಗಿ ಝಾಡಿಸಿ ಒದೆಯುತ್ತಿತ್ತು. ಒದೆ ಬೀಳುತ್ತಿದ್ದದ್ದು ಶ್ರೀಧರನಿಗೆ ಅಥವಾ ಗೋಡೆಗೆ. ಕಾಲು ಸೆಳೆತ ಎಂದೆ. ಬಾಳೆಹಣ್ಣು ತಿಂದರೆ ಹೋಗುತ್ತದೆಂದು ಅವನಿಗೆ ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಆಮೇಲೆ ನಮ್ಮ ಮನೆಯಲ್ಲಿ ಗೊನೆಗಟ್ಟಲೆ ಬಾಳೆಹಣ್ಣು. ಅತ್ತೆ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಾಣಲೆಯಲ್ಲಿ ಸುಟ್ಟರು. ಸೂರಿನಲ್ಲಿದ್ದ ಹೊಗೆಯ ಅಲಾರಂ ಬೀದಿಗೇ ಕೇಳುವ ಹಾಗೆ ಕೂಗಿಕೊಂಡಿತು. ಪಕ್ಕದ ಮನೆಯ ಗ್ರೆಗ್ ಓಡಿಬಂದ, ಕೆಮ್ಮುತ್ತಾ ನಿಂತ, "ಸ್ಪೈಸಿ!" ಎಂದು ಮೆಚ್ಚುಗೆ ಹೇಳಿ ಹೋದ. ನನ್ನ ಕಾಲಿಗೆ ಮಾತ್ರ ಏನೂ ನಾಟಲಿಲ್ಲ.

ಹಗಲಿನಲ್ಲೂ ಅದೇ ಕಥೆ. ಸೂಪರ್‌ಮಾರ್ಕೆಟ್ಟಿನ ಇಳಿಜಾರಿನಲ್ಲಿ ಟ್ರಾಲಿ ನೂಕುವಾಗ ಕಾಲಿನಿಂದ ನೆಲ ಒತ್ತುತ್ತಿದ್ದೆ. ಶ್ರೀಧರನ ಪಕ್ಕ ಕೂತರೆ ಮನೆಯಿಂದ ಅಂಗಡಿಯವರೆಗೂ ಕಾರ್ಪೆಟ್ ತುಳಿಯುತ್ತಿದ್ದೆ.

"ಬಾ, ಓಡಿಸು. ಟೆಸ್ಟ್ ಹತ್ರ ಬಂತು."

"ತಲೆನೋವು."

"ನಿನ್ನೆಯೂ ತಲೆನೋವು. ಶಾಲೆಯವರು ಫೋನ್ ಮಾಡಿದ್ರು ಸುಮಾ, ಬರ್ತಾಳೋ ಇಲ್ವೋ ಅಂತ. ನಿಂಗೆ ಆ ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಎಷ್ಟು ಬೇಕಿತ್ತು ಎಂದು ಅವನಿಗೂ ಗೊತ್ತಿತ್ತು. ಆದರೆ ಕೆಟ್ಟ ಬ್ರೇಕಾದರೆ ರಿಪೇರಿ ಮಾಡಿಸಬಹುದು. ಇದು ದಿನವೂ ಬೆಣ್ಣೆಯ ಹಾಗೆ ಕ್ಷೇಮವಾಗಿದ್ದು, ತನಗೆ ಮನಸ್ಸು ಬಂದ ದಿನ ಕಲ್ಲಾಗುವ ಬ್ರೇಕು. ಅಂಥದನ್ನು ನಂಬಿ ದಿನವೂ ಆ ಊರಿಗೆ ಹೇಗೆ ಹೋಗಲಿ, ಹೇಗೆ ಬರಲಿ? ಶಾಲೆಗೆ ಬೇಡವೆಂದು ಹೇಳಿಬಿಡುವುದೇ ಸರಿ ಎಂದು ನಿರ್ಧರಿಸಿ, ಹೇಳಬೇಕಾದ ವಾಕ್ಯವನ್ನೂ ಜೋಡಿಸಿಕೊಂಡೆ.

ಅತ್ತೆಯೂ ಕಾರು ಮುಟ್ಟಲಿಲ್ಲ. "ಕಣ್ಣು ಸ್ವಲ್ಪ ಮಂಜು" ಎಂದರು ಮಗನಿಗೆ. ಬೆಳಿಗ್ಗೆ ಹಿತ್ತಿಲಿನ ಮರದ ಮೆಟ್ಟಿಲುಗಳನ್ನು ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿದ್ದರು. ಒಂದು ದಿನ ಗೋಡೆಗೆ ಅಂಗಾಲು ಕೊಟ್ಟು ಒತ್ತುತ್ತಾ ನಿಂತಿದ್ದರು. ಮಂಡಿನೋವಿರಬೇಕು ಎಂದುಕೊಂಡೆ.

ಹೀಗಿರುವಾಗ ಒಂದು ಭಾನುವಾರ, ಶ್ರೀಧರ ಕಾರ್ಖಾನೆಗೆ ಸ್ನೇಹಿತರ ಕಾರಿನಲ್ಲಿ ಹೋಗಿದ್ದಾಗ, ನಾನು ವ್ಯಾಕ್ಯೂಮ್ ಕ್ಲೀನರ್ ಎಳೆದುಕೊಂಡು ಗ್ಯಾರೇಜಿಗೆ ಹೋದೆ. ಕಾರಿನಲ್ಲಿ ಇನ್ನೂ ಸಮುದ್ರದ ಮರಳಿತ್ತು. ಅತ್ತೆ ನಿಂತ ಜಾಗದಲ್ಲೇ ಹೆಚ್ಚು. ಪೆಡಲಿನ ಹಿಂದಿನ ಮರಳು ಎಟುಕದೆ ಡ್ರೈವರ್ ಸೀಟಿನಲ್ಲಿ ಕೂತೆ. ಕೂತ ತಕ್ಷಣ ನನ್ನ ಕಾಲು, ಇಷ್ಟು ದಿನ ಬರಿಯ ಕಾರ್ಪೆಟ್ ತುಳಿದ ಕಾಲು, ಕಡೆಗೂ ಸಿಕ್ಕಿತಲ್ಲ ಎಂಬಂತೆ ಬ್ರೇಕನ್ನು ತುಳಿಯಿತು. ಮೆತ್ತಗಿತ್ತು. ಇನ್ನೊಮ್ಮೆ. ಸ್ವಲ್ಪ ಬಿಗಿ. ಮತ್ತೊಮ್ಮೆ.

ಕಲ್ಲು!

ನನ್ನ ಕೂಗಿಗೆ ಅತ್ತೆ ಸೌಟು ಹಿಡಿದುಕೊಂಡೇ ಓಡಿಬಂದರು. "ಏನಾಯ್ತೇ?"

"ಬ್ರೇಕು, ಅತ್ತೆ! ಮತ್ತೆ ಕಲ್ಲಾಯ್ತು!"

"ನಿಂತಿರೋ ಕಾರಲ್ಲಿ ಏನೇ ಬ್ರೇಕು!"

ಕಾಲನ್ನು ಹಾಗೇ ಒತ್ತಿ ಹಿಡಿದು, ಯಾಕೆಂದು ತಿಳಿಯದೆ ಕೀಲಿ ತಿರುಗಿಸಿದೆ. ಜಪಾನಿ ಹೆಣ್ಣುಮಗಳು ನಮಸ್ಕಾರ ಹೇಳಿದಳು. ಎಂಜಿನ್ ಶುರುವಾಯಿತು. ಆ ಕಲ್ಲು ನನ್ನ ಕಾಲಡಿಯಲ್ಲಿ ನಿಟ್ಟುಸಿರು ಬಿಟ್ಟಂತೆ ತಾನಾಗಿ ಕೆಳಗಿಳಿಯಿತು. ಎಂಜಿನ್ ಆರಿಸಿದೆ. ತುಳಿದೆ, ತುಳಿದೆ, ತುಳಿದೆ. ಕಲ್ಲು. ಶುರು ಮಾಡಿದೆ. ಬೆಣ್ಣೆ. ಐದು ವರ್ಷದಿಂದ ನಿದ್ದೆ ಮಾಡುತ್ತಿದ್ದ ನನ್ನೊಳಗಿನ ಮೇಡಂ ತಟ್ಟನೆ ಎದ್ದು ಕೂತಳು.

"ಅತ್ತೆ, ಕೈ ಕೊಡಿ" ಎಂದು ವ್ಯಾಕ್ಯೂಮ್ ಕ್ಲೀನರ್ ಹಾಕಿ ಅದರ ಕೊಳವೆಯ ಬಾಯನ್ನು ಅವರ ಅಂಗೈಗೆ ಹಿಡಿದೆ. ಅದು ಕಚ್ಚಿಕೊಂಡಿತು. "ಅಯ್ಯೋ ಬಿಡಿಸೇ!" ಎಂದರು. ಸ್ವಿಚ್ಚು ಆರಿಸಿದೆ. ಕೊಳವೆ ಒಂದು ಕ್ಷಣ ಕಚ್ಚಿಕೊಂಡೇ ಇದ್ದು, ಆಮೇಲೆ ಬಿಟ್ಟಿತು. "ಎಂಜಿನ್ನೂ ಹೀಗೇ ಅತ್ತೆ. ಓಡ್ತಾ ಇರೋವರೆಗೂ ಗಾಳಿ ಹೀರ್ತಿರುತ್ತೆ. ಆ ಹೀರೋ ಬಲಾನೇ ನಮ್ಮ ಕಾಲಿನ ಜೊತೆ ಸೇರಿ ಬ್ರೇಕ್ ಒತ್ತೋದು. ಆರಿಸಿದ್ರೆ ಎರಡು ಮೂರು ಒತ್ತಿಗಾಗುವಷ್ಟು ಉಳಿದಿರುತ್ತೆ, ಅಷ್ಟೆ. ಅದನ್ನ ನೀವು ಪಂಪ್ ಹೊಡೆದು ಮೊದಲ ಎರಡು ತಿರುವಲ್ಲೇ ಮುಗಿಸಿಬಿಟ್ರಿ. ಕಾರಿಗೆ ಏನೂ ಆಗಿರ್ಲಿಲ್ಲ. ಎಂಜಿನ್ ಓಡ್ತಿದ್ರೆ ಅದು ಯಾವತ್ತೂ ಕಲ್ಲಾಗಲ್ಲ!"

ಅತ್ತೆ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಅಂಗೈಯಲ್ಲಿ ಮೂಡಿದ್ದ ಕೆಂಪು ಉಂಗುರವನ್ನು ಉಜ್ಜುತ್ತಾ ನಿಂತಿದ್ದರು.

"ಹಾಗಾದ್ರೆ ನನ್ನ ಕಾಲಲ್ಲಿ ಶಕ್ತಿ ಇತ್ತಾ?"

"ಯಾಕತ್ತೆ?"

"ನಾನು ಅಂದ್ಕೊಂಡಿದ್ದೆ, ಬ್ರೇಕ್ ಸರಿಯಾಗೇ ಇತ್ತು, ನನ್ನ ಕಾಲೇ ಕೈ ಕೊಡ್ತು ಅಂತ. ವಯಸ್ಸಾಯ್ತು, ಬಲ ಹೋಯ್ತು, ಅದು ಗೊತ್ತಾಗ್ದೆ ಮಗೂನ ಹಿಂದೆ ಕೂರಿಸ್ಕೊಂಡು..."

ನಾನು ಎಂಜಿನ್ ಆರಿಸಿ, ಕೆಳಗಿಳಿದು ಅವರನ್ನು ಸೀಟಿನಲ್ಲಿ ಕೂರಿಸಿದೆ. ಅತ್ತೆ ತುಳಿದರು. ಕಲ್ಲಾಯಿತು. "ಈಗ ನೀನು ಒತ್ತು" ಎಂದು ಸೀಟು ಬಿಟ್ಟುಕೊಟ್ಟರು. ಒತ್ತಿದೆ. ಅಲುಗಲಿಲ್ಲ. "ಎರಡೂ ಕಾಲಲ್ಲಿ ಒತ್ತು." ಆಗಲೂ ಅಲುಗಲಿಲ್ಲ.

"ನೋಡ್ದ್ಯಾ!" ಎಂದು ಅತ್ತೆ ಸೌಟನ್ನು ಮೇಲೆತ್ತಿದರು. "ಮೂವತ್ತೈದು ವರ್ಷದೋಳ ಕಾಲಿಗೂ ಆಗಲ್ಲ! ನಾನು ಎದ್ದು ನಿಂತು ನಿಲ್ಲಿಸ್ದೆ. ನೀನಾಗಿದ್ರೆ ಸೀದಾ ಬೇಲಿಯಾಚೆಗೆ!"

ಆಮೇಲೆ ಸರದಿಯ ಮೇಲೆ ಕೂತು ತುಳಿದೆವು. ಕಲ್ಲು, ಬೆಣ್ಣೆ, ಕಲ್ಲು, ಬೆಣ್ಣೆ. ಹುಲ್ಲು ಕತ್ತರಿಸುತ್ತಿದ್ದ ಗ್ರೆಗ್ ಯಂತ್ರ ನಿಲ್ಲಿಸಿ, ಕಾರು ಶುರುವಾಗುತ್ತಿಲ್ಲವೇ ಎಂದು ಕೇಳಲು ಬಂದ. ಶುರುವಾಗುತ್ತಿದೆ, ನಾವೇ ಆರಿಸುತ್ತಿದ್ದೇವೆ ಎಂದೆ. ಅವನು ತಲೆಯಾಡಿಸಿ ತನ್ನ ಹುಲ್ಲಿಗೆ ವಾಪಸಾದ.

ಸಂಜೆ ಶ್ರೀಧರ ಬೂಟು ಬಿಚ್ಚುತ್ತಿರುವಾಗಲೇ ಅತ್ತೆ, ಯಾರೂ ಕೇಳದೆ, ಎಲ್ಲವನ್ನೂ ಹೇಳಿದರು. ಅವನ ಮುಖದ ಬಣ್ಣ ಇಳಿಯಿತು. ಮಗಳ ಕಡೆ ತಿರುಗಿ, "ಮೇಘು, ಕಾರು ಹಾರಿದ್ದು ನಿಜಾನಾ?" ಎಂದ. "ಐ ಟೋಲ್ಡ್ ಯೂ" ಎಂದಳು ಅವಳು, ಟಿವಿಯಿಂದ ಕಣ್ಣು ತೆಗೆಯದೆ. ಅವನು ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ.

"ಅಮ್ಮ, ನಾನು ಚಿಕ್ಕೋನಿದ್ದಾಗ್ಲೂ ಹೀಗೇ ಇಳಿಸ್ತಿದ್ಯಾ? ನಾನು ಹಿಂದೆ ಕೂತಿರ್ತಿದ್ದೆ ತಾನೆ?"

"ಕೂತಿರ್ತಿದ್ದೆ. ಇನ್ನೊಂದ್ಸಲ ಇನ್ನೊಂದ್ಸಲ ಅಂತ ಹಟ ಮಾಡ್ತಿದ್ದೆ."

ಅವನಿಗೆ ಕೋಪವೂ ನಗುವೂ ಒಟ್ಟಿಗೇ ಬಂದು, ಕೆಮ್ಮು ಬಂತು. ಆಮೇಲೆ ನಾನೇ ಕಾರಿನ ಕೀಲಿ ತೆಗೆದುಕೊಂಡು, "ಬನ್ನಿ, ಹಾಲು ತರೋಣ" ಎಂದೆ. ಶ್ರೀಧರ ಪಕ್ಕದಲ್ಲಿ, ಅತ್ತೆ ಮೇಘನಾ ಹಿಂದೆ. ಡೈರಿಗೆ, ಅಂದರೆ ಅಲ್ಲಿನ ಮೂಲೆಯಂಗಡಿಗೆ, ಹೋಗಿ ಹಾಲು ತರುವ ದಾರಿಯನ್ನು ನಾಲ್ಕು ಸಲ ಸುತ್ತಿದೆ. ಒಂದು ಸಣ್ಣ ದಿಬ್ಬವನ್ನೂ ಇಳಿಸಿದೆ, ಎಂಜಿನ್ ಸದ್ದು ಮಾಡುತ್ತಲೇ ಇತ್ತು. ಶಾಲೆಗೆ ಹೇಳಲೆಂದು ಜೋಡಿಸಿಟ್ಟಿದ್ದ ವಾಕ್ಯವನ್ನು ಯಾವ ತಿರುವಿನಲ್ಲಿ ಬೀಳಿಸಿಕೊಂಡೆನೋ ತಿಳಿಯದು. ಟೆಸ್ಟಿನಲ್ಲಿ ಮೊದಲನೇ ಸಲ ಫೇಲಾದದ್ದು ಬೇರೆ ಕಾರಣಕ್ಕೆ. ದಾರಿ ಬಿಡಬೇಕಿಲ್ಲದ ಕಡೆಯೂ ನಾನು ಅತ್ತೆಯ ಹಾಗೆ ಕೈಬೀಸಿ ಎಲ್ಲರನ್ನೂ ಕರೆದೆನಂತೆ. ಎರಡನೇ ಸಲಕ್ಕೆ ಪಾಸಾದೆ. ಅದುವರೆಗೆ ಅದೇ ಶಾಲೆಯ ಒಬ್ಬ ಟೀಚರ್ ನನ್ನನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಅದೆಲ್ಲ ಆಮೇಲಿನ ಮಾತು.

ಹಾಲು ತಂದ ಮಾರನೆಯ ದಿನ, ಸೋಮವಾರ, ನಮ್ಮನ್ನು ಎಬ್ಬಿಸಿದ್ದು ಶ್ರೀಧರನ ಕೂಗು. ಪರದೆಯ ಸಂದಿನಿಂದ ಬಿಸಿಲು ನೇರ ಮುಖದ ಮೇಲೆ ಬೀಳುತ್ತಿತ್ತು. ಅವನು ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದ.

"ಒಬ್ಬರೂ ಎಬ್ಬಿಸ್ಬಾರ್ದಾ? ಅತ್ತೆ ಸೊಸೇಲಿ ಯಾರಾದ್ರೂ ಒಬ್ರು ಎದ್ದಿರ್ತೀರಿ ಅಂತ ನಾನು ಅಲಾರಂ ಇಡೋದೇ ಬಿಟ್ಟಿದ್ದೆ!"

ಮನೆಯಲ್ಲಿ ಕಾಫಿಯ ವಾಸನೆ ಇರಲಿಲ್ಲ. ಅವನು ಹಸಿದ ಹೊಟ್ಟೆಯಲ್ಲೇ ಹೊರಟುಹೋದ. ಅತ್ತೆ ಕೋಣೆಯಿಂದ ಹೊರಬಂದರು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಹಗಲಿನಲ್ಲಿ ಹಾಗೆ ಅವರನ್ನು ನಾನು ಎಂದೂ ನೋಡಿರಲಿಲ್ಲ.

"ರಾತ್ರಿ ನೀನು ಒದೀಲಿಲ್ಲ ಕಣೇ" ಎಂದರು.

"ನಿಮಗೆ ಹೇಗೆ ಗೊತ್ತು?"

"ಈ ಊರಿನ ಗೋಡೆಗಳೇನು ಗೋಡೆಗಳಾ, ರಟ್ಟು. ಈಚೆಗೆ ಎಲ್ಲ ಕೇಳ್ಸುತ್ತೆ. ದಿನಾ ನೀನು ಆಚೆ ಒದ್ದಾಗ್ಲೆಲ್ಲ ನಾನು ಈಚೆ ಎರಡೂ ಕಾಲಲ್ಲಿ ಒತ್ತುತ್ತಿದ್ದೆ." ಒಲೆಯ ಮೇಲೆ ನೀರಿಟ್ಟು, ಅದು ಕಾಯುವುದನ್ನೇ ನೋಡುತ್ತಾ ಅವರು ಮುಂದುವರಿಸಿದರು. "ನಿನ್ನೆ ರಾತ್ರೀನೂ ಈಗ ಒದೀತಾಳೆ, ಇನ್ನೇನು ಒದೀತಾಳೆ ಅಂತ ಕಾಯ್ತಾ ಕಾಯ್ತಾ ನಂಗೂ ನಿದ್ದೆ ಬಂದ್ಬಿಡ್ತು."